ಫಿಲಿಪ್ಪೀನ್ಸನ್ನು ಸ್ಪೇನ್ 333 ವರ್ಷ ಆಳಿತು. ಆದರೂ ಅಲ್ಲಿ ಸ್ಪ್ಯಾನಿಷ್ ಯಾಕೆ ಬೇರೂರಲಿಲ್ಲ?

ಸಹ್ಯಾದ್ರಿ_ಓದುಗ:
ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ತಲೆ ಕೊರೆಯುತ್ತಿರುವ ಪ್ರಶ್ನೆ ಇದು. ಮೆಕ್ಸಿಕೊ, ಪೆರು, ಕೊಲಂಬಿಯಾ, ಅರ್ಜೆಂಟೀನಾ ಇಲ್ಲೆಲ್ಲಾ ಹೆಚ್ಚಿನ ಜನ ಮನೆಯಲ್ಲೇ ಸ್ಪ್ಯಾನಿಷ್ ಮಾತಾಡುತ್ತಾರೆ. ಫಿಲಿಪ್ಪೀನ್ಸಿನಲ್ಲಿ ಸ್ಪೇನಿನ ಆಳ್ವಿಕೆ 1565ರಿಂದ 1898ರವರೆಗೆ ನಡೆಯಿತು. ಮೆಕ್ಸಿಕೊಗಿಂತಲೂ ಜಾಸ್ತಿ ಕಾಲ. ಅಲ್ಲಿನವರ ಅಡ್ಡಹೆಸರು ಸ್ಪ್ಯಾನಿಷ್, ಧರ್ಮ ಕ್ಯಾಥೊಲಿಕ್. ಊರ ನಡುವೆ ಚರ್ಚು, ಅದರ ಮುಂದೆ ಚೌಕ. ದೇಶದ ಹೆಸರೇ ಸ್ಪೇನಿನ ಎರಡನೇ ಫಿಲಿಪ್ ರಾಜನ ಹೆಸರಿನಿಂದ ಬಂದದ್ದು. ಆದರೆ ಭಾಷೆ ಮಾತ್ರ ಇಲ್ಲ. ಇದು ಹೇಗಾಯಿತು? ಗೊತ್ತಿರುವವರು ದಯವಿಟ್ಟು ವಿವರವಾಗಿ ಬರೆಯಿರಿ. ಉದ್ದ ಆದರೂ ಓದುತ್ತೇನೆ.

ಕಾಫಿತೋಟ:
ಅಮೆರಿಕದವರು ಬಂದದ್ದೇ ಕಾರಣ ಅಲ್ವಾ? 1898ರಲ್ಲಿ ಸ್ಪೇನ್ ಸೋತಿತು. ಪ್ಯಾರಿಸ್ ಒಪ್ಪಂದದಲ್ಲಿ 2 ಕೋಟಿ ಡಾಲರ್ ತೆಗೆದುಕೊಂಡು ಫಿಲಿಪ್ಪೀನ್ಸನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತು. 1901ರಲ್ಲಿ ‘ಥಾಮಸ್’ ಅನ್ನುವ ಹಡಗಿನಲ್ಲಿ ಸುಮಾರು 500 ಮಂದಿ ಅಮೆರಿಕನ್ ಮೇಷ್ಟ್ರುಗಳು ಮನಿಲಾಕ್ಕೆ ಬಂದಿಳಿದರು. ಹಳ್ಳಿ ಹಳ್ಳಿಯಲ್ಲಿ ಇಂಗ್ಲಿಷ್ ಶಾಲೆ ಶುರುವಾಯಿತು. ಎರಡು ತಲೆಮಾರಿನಲ್ಲಿ ಕಥೆ ಮುಗಿಯಿತು.

ತುಂಗಾತೀರ:
ಕಾಫಿತೋಟ ಅವರು ಹೇಳಿದ್ದು ನಿಜ. ಆದರೆ ಅರ್ಧ ಉತ್ತರ ಅಷ್ಟೇ. ಜನರ ಮನೆಮಾತಾಗಿದ್ದ ಭಾಷೆ ನಲವತ್ತು ವರ್ಷದಲ್ಲಿ ಹೀಗೆ ಮಾಯವಾಗುವುದಿಲ್ಲ. ಸ್ಪ್ಯಾನಿಷ್ ಅಲ್ಲಿ ಯಾವತ್ತೂ ಜನರ ಭಾಷೆ ಆಗಿರಲೇ ಇಲ್ಲ. ನಾನು ಇತಿಹಾಸ ಪಾಠ ಮಾಡುವವನು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ದೂರ ನೋಡಿ. ಸ್ಪೇನಿನಿಂದ ಹೊರಟವನು ಅಟ್ಲಾಂಟಿಕ್ ದಾಟಿ ಮೆಕ್ಸಿಕೊದ ವೆರಾಕ್ರೂಸ್ ತಲುಪಬೇಕು. ಅಲ್ಲಿಂದ ನೆಲದ ಮೇಲೆ ಅಕಪುಲ್ಕೊ ಬಂದರಿಗೆ ಹೋಗಬೇಕು. ಅಲ್ಲಿ ಹಡಗು ಹತ್ತಿದರೆ ಪೆಸಿಫಿಕ್ ದಾಟಲು ಮತ್ತೆ ಮೂರು ತಿಂಗಳು. ವಾಪಸ್ ಬರುವ ದಾರಿ ಇನ್ನೂ ಕಷ್ಟ. ನಾಲ್ಕರಿಂದ ಆರು ತಿಂಗಳು ಹಿಡಿಯುತ್ತಿತ್ತು. ಆ ವಾಪಸ್ ದಾರಿಯನ್ನು 1565ರಲ್ಲಿ ಉರ್ದನೇತಾ ಎಂಬ ಪಾದ್ರಿ ಕಂಡುಹಿಡಿದ. ಅವನು ಹಿಂದೆ ನಾವಿಕನಾಗಿದ್ದವನು. ಅಲ್ಲಿಂದ 1815ರವರೆಗೆ, 250 ವರ್ಷ, ಮನಿಲಾ ಮತ್ತು ಅಕಪುಲ್ಕೊ ನಡುವೆ ವರ್ಷಕ್ಕೆ ಒಂದೋ ಎರಡೋ ಗ್ಯಾಲಿಯನ್ ಹಡಗು ಓಡಾಡಿದವು. ಫಿಲಿಪ್ಪೀನ್ಸಿನ ಆಡಳಿತವೂ ಮೆಕ್ಸಿಕೊದ ವೈಸರಾಯ್ ಕೆಳಗೇ ಇತ್ತು. ಒಂದು ರೀತಿಯಲ್ಲಿ ಅದು ವಸಾಹತಿನ ವಸಾಹತು.

ಇಷ್ಟು ದೂರಕ್ಕೆ ಸಂಸಾರ ಕಟ್ಟಿಕೊಂಡು ಯಾರು ಬರುತ್ತಾರೆ? ಬಂದವರೂ ಮನಿಲಾದ ಕೋಟೆಯೊಳಗೇ ಉಳಿದರು. ಯಾಕೆಂದರೆ ಅವರ ಹಣ ಇದ್ದದ್ದು ಹೊಲದಲ್ಲಿ ಅಲ್ಲ, ಹಡಗಿನಲ್ಲಿ. ಚೀನಾದಿಂದ ರೇಷ್ಮೆ, ಪಿಂಗಾಣಿ ಬರುತ್ತಿತ್ತು. ಅದನ್ನು ಗ್ಯಾಲಿಯನ್ನಿಗೆ ತುಂಬಿ ಕಳಿಸಿದರೆ ಅಕಪುಲ್ಕೊದಿಂದ ಬೆಳ್ಳಿ ಬರುತ್ತಿತ್ತು. ಹಡಗಿನಲ್ಲಿ ತಮ್ಮ ಪಾಲಿನ ಜಾಗ ಇದ್ದರೆ ಸಾಕು, ವರ್ಷದ ಸಂಪಾದನೆ ಆಯಿತು. ಹಳ್ಳಿಗೆ ಹೋಗುವ ಅಗತ್ಯವೇ ಅವರಿಗೆ ಬೀಳಲಿಲ್ಲ.

ಹಳ್ಳಿಯಲ್ಲಿ ಇದ್ದ ಒಬ್ಬನೇ ಸ್ಪೇನಿನವನು ಅಂದರೆ ಪಾದ್ರಿ. ಅವನು ಜನರಿಗೆ ಸ್ಪ್ಯಾನಿಷ್ ಕಲಿಸಲಿಲ್ಲ, ತಾನೇ ತಗಾಲೊಗ್, ಇಲೊಕಾನೊ, ಬಿಸಾಯಾ ಕಲಿತ. 1593ರಲ್ಲೇ ಮನಿಲಾದಲ್ಲಿ ಅಚ್ಚಾದ ಧರ್ಮಬೋಧೆಯ ಪುಸ್ತಕ ಸ್ಪ್ಯಾನಿಷ್ ಮತ್ತು ತಗಾಲೊಗ್ ಎರಡರಲ್ಲೂ ಇತ್ತು. ಊರಿನವರಿಗೆ ಸ್ಪ್ಯಾನಿಷ್ ಬಾರದಿದ್ದರೆ ಸರ್ಕಾರಕ್ಕೂ ಜನಕ್ಕೂ ನಡುವೆ ಮಾತಾಡುವವನು ಪಾದ್ರಿ ಒಬ್ಬನೇ. ಆ ಅಧಿಕಾರವನ್ನು ಅವರು ಸುಲಭಕ್ಕೆ ಬಿಡಲಿಲ್ಲ. ಎಲ್ಲರಿಗೂ ಸ್ಪ್ಯಾನಿಷಿನಲ್ಲಿ ಪ್ರಾಥಮಿಕ ಶಾಲೆ ಅಂತ ಆದೇಶ ಬಂದದ್ದು 1863ರಲ್ಲಿ. ಹಿಂದಿನ 298 ವರ್ಷಗಳಲ್ಲಿ ಅಂಥ ಪ್ರಯತ್ನ ಸರಿಯಾಗಿ ನಡೆದಿರಲಿಲ್ಲ.

ಕಡಲಾಚೆ_ಕನ್ನಡತಿ:
ತುಂಗಾತೀರ ಸರ್ ಬರೆದದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ಕೆಲಸದ ಮೇಲೆ ಮನಿಲಾದಲ್ಲಿ ಇದ್ದವಳು ನಾನು. ಅಲ್ಲಿನ ಗೆಳತಿಯರ ಹೆಸರು ಸಾಂತೋಸ್, ರೆಯೆಸ್, ಕ್ರೂಸ್ ಅಂತ ಇರುತ್ತಿತ್ತು. ಇವರ ಪೂರ್ವಿಕರು ಸ್ಪೇನಿನವರೇ ಇರಬೇಕು ಅಂತ ಹೊರಗಿನವರಿಗೆ ಅನ್ನಿಸುತ್ತದೆ. ಹಾಗಲ್ಲ. 1849ರಲ್ಲಿ ಗವರ್ನರ್ ಕ್ಲಾವೆರಿಯಾ ಒಂದು ಆದೇಶ ಹೊರಡಿಸಿದ. ತೆರಿಗೆ ಲೆಕ್ಕಕ್ಕೆ ಅನುಕೂಲ ಆಗಲಿ ಅಂತ ಅಡ್ಡಹೆಸರುಗಳ ದೊಡ್ಡ ಪಟ್ಟಿ ಮಾಡಿ ಊರೂರಿಗೆ ಹಂಚಿಸಿದ. ಹಾಗಾಗಿ ಕೆಲವು ಊರುಗಳಲ್ಲಿ ಬಹುತೇಕ ಎಲ್ಲರ ಅಡ್ಡಹೆಸರೂ ಒಂದೇ ಅಕ್ಷರದಿಂದ ಶುರುವಾಗುವುದನ್ನು ಇವತ್ತಿಗೂ ನೋಡಬಹುದು. ಹೆಸರು ಬಂತು, ರಕ್ತಸಂಬಂಧ ಬರಲಿಲ್ಲ.

ಪಾದ್ರಿಗಳ ಬಗ್ಗೆ ಇನ್ನೊಂದು ಮಾತು. ಅವರ ಕೈಯಲ್ಲಿದ್ದದ್ದು ಬರೀ ಚರ್ಚಲ್ಲ, ಜಮೀನು. ಮನಿಲಾ ಸುತ್ತಮುತ್ತಲ ಒಳ್ಳೆಯ ಗದ್ದೆಗಳೆಲ್ಲ ಡೊಮಿನಿಕನ್, ಅಗಸ್ಟೀನಿಯನ್, ರೆಕೊಲೆಕ್ಟ್ ಎಂಬ ಪಾದ್ರಿ ಸಂಘಗಳ ಹೆಸರಿನಲ್ಲಿದ್ದವು. ಊರಿನವರು ಗೇಣಿದಾರರು. ಫಿಲಿಪ್ಪೀನ್ಸಿನ ರಾಷ್ಟ್ರನಾಯಕ, ಲೇಖಕ ಹೋಸೆ ರಿಸಾಲ್ ಅವರ ಮನೆಯವರೂ ಕಲಂಬಾ ಊರಿನಲ್ಲಿ ಡೊಮಿನಿಕನ್ನರ ಗೇಣಿದಾರರೇ. ಗೇಣಿ ಹೆಚ್ಚಿಸಿದ್ದಕ್ಕೆ ಊರಿನವರು ತಿರುಗಿ ಬಿದ್ದರು. ಸರ್ಕಾರ ಸೈನ್ಯ ಕಳಿಸಿ ಅವರನ್ನು ಒಕ್ಕಲೆಬ್ಬಿಸಿತು. ರಿಸಾಲ್ ಬರೆದದ್ದು ಸ್ಪ್ಯಾನಿಷಿನಲ್ಲಿ, ಬೈದದ್ದು ಸ್ಪೇನಿನ ಪಾದ್ರಿಗಳನ್ನು. 1896ರ ಡಿಸೆಂಬರ್ 30ರಂದು ಮನಿಲಾದಲ್ಲಿ ಅವರಿಗೆ ಗುಂಡಿಟ್ಟು ಕೊಂದರು. ಆಗ ಅವರಿಗೆ 35 ವರ್ಷ.

ಅಮೆರಿಕದವರು ಬಂದ ಮೇಲೆ ಪಾದ್ರಿಗಳ ಆ ಜಮೀನನ್ನು 70 ಲಕ್ಷ ಡಾಲರಿಗೂ ಹೆಚ್ಚು ಕೊಟ್ಟು ಖರೀದಿ ಮಾಡಿದರು. ಉಳುವವರಿಗೆ ಮಾರುವ ಮಾತಾಗಿತ್ತು. ಆದರೆ ಅದರಲ್ಲಿ ಬಹಳಷ್ಟು ದುಡ್ಡಿದ್ದವರ ಕೈ ಸೇರಿತು. ಭೂಮಿಯ ಜಗಳ ಆ ದೇಶದಲ್ಲಿ ಇನ್ನೂ ಮುಗಿದಿಲ್ಲ. ಭಾಷೆ ಹೋಯಿತು, ಜಮೀನ್ದಾರಿಕೆ ಉಳಿಯಿತು. ನನಗೆ ಇದೇ ಜಾಸ್ತಿ ನೋವು ಕೊಡುವ ವಿಷಯ.

ಸಹ್ಯಾದ್ರಿ_ಓದುಗ:
ಇಬ್ಬರಿಗೂ ಧನ್ಯವಾದ. ಈಗ ಪ್ರಶ್ನೆ ತಿರುಗಿಸಿ ಕೇಳುತ್ತೇನೆ. ಹಾಗಾದರೆ ಮೆಕ್ಸಿಕೊ, ಪೆರು ಕಡೆ ಸ್ಪ್ಯಾನಿಷ್ ಹೇಗೆ ಗೆದ್ದಿತು? ಅಲ್ಲೂ ಪಾದ್ರಿಗಳು ಇದ್ದರಲ್ಲ?

ತುಂಗಾತೀರ:
ಒಳ್ಳೆಯ ಪ್ರಶ್ನೆ. ಅಲ್ಲೂ ಪಾದ್ರಿಗಳು ಮೆಕ್ಸಿಕೊದ ನಹುವಾಟ್ಲ್, ಪೆರುವಿನ ಕೆಚುವಾ ಎಂಬ ಮೂಲನಿವಾಸಿ ಭಾಷೆಗಳನ್ನು ಕಲಿತರು. 1570ರಲ್ಲಿ ಎರಡನೇ ಫಿಲಿಪ್ ಮೆಕ್ಸಿಕೊದ ಮೂಲನಿವಾಸಿಗಳಿಗೆ ನಹುವಾಟ್ಲನ್ನೇ ವ್ಯವಹಾರದ ಭಾಷೆ ಮಾಡಿ ಆದೇಶ ಕೊಟ್ಟಿದ್ದ. 1770ರಲ್ಲಿ ಮೂರನೇ ಕಾರ್ಲೋಸ್ ಉಲ್ಟಾ ಆದೇಶ ಹೊರಡಿಸಿದ. ಎಲ್ಲರೂ ಸ್ಪ್ಯಾನಿಷ್ ಕಲಿಯಬೇಕು, ಉಳಿದ ಭಾಷೆಗಳು ನಿಲ್ಲಬೇಕು ಅಂತ. ಆದರೂ 1821ರಲ್ಲಿ ಮೆಕ್ಸಿಕೊ ಸ್ವತಂತ್ರವಾದಾಗ ಅಲ್ಲಿನ ಹೆಚ್ಚಿನ ಜನ ಮೂಲನಿವಾಸಿ ಭಾಷೆಗಳನ್ನೇ ಆಡುತ್ತಿದ್ದರು. ಇದನ್ನು ನಾವು ಮರೆಯುತ್ತೇವೆ. ಸ್ಪ್ಯಾನಿಷ್ ಹಳ್ಳಿಯ ಮೂಲೆಗೆ ಹೋದದ್ದು ಹೆಚ್ಚಾಗಿ ಸ್ವಾತಂತ್ರ್ಯ ಬಂದ ಮೇಲೆ. ಹೊಸ ಗಣರಾಜ್ಯಗಳು ಶಾಲೆ, ಸೈನ್ಯ, ಕೋರ್ಟು, ರೈಲು ಎಲ್ಲವನ್ನೂ ಸ್ಪ್ಯಾನಿಷಿನಲ್ಲಿ ನಡೆಸಿದವು. ಅಧಿಕಾರ ಹಿಡಿದವರು ಕ್ರಿಯೊಲ್ಲೊಗಳು, ಅಂದರೆ ಅಮೆರಿಕ ಖಂಡದಲ್ಲೇ ಹುಟ್ಟಿದ ಸ್ಪೇನ್ ಮೂಲದವರು. ಮನಿಲಾದಲ್ಲಿ ಅಂಥ ದೊಡ್ಡ ವರ್ಗವೇ ಇರಲಿಲ್ಲ.

ಇನ್ನೊಂದು ಕಾರಣ ಹೇಳುವಾಗ ಮನಸ್ಸು ಭಾರವಾಗುತ್ತದೆ. ಅಮೆರಿಕ ಖಂಡದ ಮೂಲನಿವಾಸಿಗಳು ಸತ್ತರು. ಸಿಡುಬು, ದಡಾರ ಅವರಿಗೆ ಹೊಸ ರೋಗ. 1520ರಲ್ಲಿ ಸಿಡುಬು ಮೆಕ್ಸಿಕೊದ ಆಸ್ಟೆಕ್ ರಾಜ್ಯದ ರಾಜಧಾನಿ ತೆನೊಚ್ಟಿಟ್ಲಾನ್ ನಗರಕ್ಕೆ ಬಂತು. ಅಲ್ಲಿನ ರಾಜ ಮೊಕ್ತೆಜುಮಾನ ನಂತರ ಪಟ್ಟಕ್ಕೆ ಬಂದ ಕ್ವಿಟ್ಲಾವಾಕ್ ಅದರಲ್ಲೇ ಸತ್ತ. 1545ರಲ್ಲಿ, 1576ರಲ್ಲಿ ಮತ್ತೆ ದೊಡ್ಡ ಮಾರಿಗಳು ಬಂದವು. ಇತಿಹಾಸಕಾರರ ಲೆಕ್ಕಗಳು ಒಂದೇ ಥರ ಇಲ್ಲ. ಆದರೆ ನೂರು ವರ್ಷದಲ್ಲಿ ಮಧ್ಯ ಮೆಕ್ಸಿಕೊದ ಹತ್ತರಲ್ಲಿ ಎಂಟೊಂಬತ್ತು ಪಾಲು ಜನ ಇಲ್ಲವಾದರು ಅನ್ನುವುದು ಅನೇಕರ ಅಂದಾಜು. ಊರುಗಳೇ ಖಾಲಿಯಾದವು. ಆ ಖಾಲಿ ಜಾಗಕ್ಕೆ ಸ್ಪೇನಿನವರು, ಆಫ್ರಿಕಾದಿಂದ ತಂದ ಗುಲಾಮರು, ಮಿಶ್ರ ಸಂತಾನದವರು ತುಂಬಿಕೊಂಡರು. ಇವರೆಲ್ಲರ ನಡುವಿನ ಮಾತು ಸ್ಪ್ಯಾನಿಷ್ ಆಯಿತು. ಫಿಲಿಪ್ಪೀನ್ಸಿನವರಿಗೆ ಏಷ್ಯಾದ ಜೊತೆ ಮೊದಲಿಂದಲೂ ವ್ಯಾಪಾರ ಇತ್ತು, ಈ ರೋಗಗಳ ಪರಿಚಯವೂ ಇತ್ತು. ಅಲ್ಲೂ ಜನಸಂಖ್ಯೆ ಕುಸಿಯಿತು, ಆದರೆ ಮೆಕ್ಸಿಕೊದ ಮಟ್ಟಕ್ಕೆ ಅಲ್ಲ.

ನಾಣ್ಯಪ್ರಿಯ:
ಗ್ಯಾಲಿಯನ್ನಿನ ಬೆಳ್ಳಿ ಅಂತ ತುಂಗಾತೀರ ಸರ್ ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋದರು. ಆ ಬೆಳ್ಳಿ ಎಲ್ಲಿಂದ ಬಂತು ಅಂತ ನೋಡದೆ ಸ್ಪೇನಿನ ಆಳ್ವಿಕೆ ಅರ್ಥವಾಗುವುದಿಲ್ಲ. ನಾನು ಹಳೆ ನಾಣ್ಯ ಸಂಗ್ರಹ ಮಾಡುವವನು. ಸ್ಪೇನಿನ ಎಂಟು ರಿಯಾಲ್ ಬೆಳ್ಳಿ ನಾಣ್ಯದ ಹಿಂದೆ ಬಿದ್ದೇ ಈ ಇತಿಹಾಸ ಓದಲು ಶುರು ಮಾಡಿದ್ದು.

ಇವತ್ತಿನ ಬೊಲಿವಿಯಾದಲ್ಲಿ ಪೊಟೊಸಿ ಅನ್ನುವ ಊರಿದೆ. ಸಮುದ್ರಮಟ್ಟದಿಂದ 4,000 ಮೀಟರ್ ಎತ್ತರ. ನಮ್ಮ ಮುಳ್ಳಯ್ಯನಗಿರಿಯ ಎರಡರಷ್ಟಕ್ಕೂ ಜಾಸ್ತಿ. ಅಲ್ಲಿ ಸೆರ್ರೊ ರಿಕೊ ಅನ್ನುವ ಬೆಟ್ಟ ಇದೆ. 1545ರಲ್ಲಿ ಅದರಲ್ಲಿ ಬೆಳ್ಳಿ ಸಿಕ್ಕಿತು. ಹುಲ್ಲೂ ಸರಿಯಾಗಿ ಬೆಳೆಯದ ಆ ಚಳಿಯ ಜಾಗದಲ್ಲಿ ಅರವತ್ತು ಎಪ್ಪತ್ತು ವರ್ಷದೊಳಗೆ ಲಕ್ಷಕ್ಕೂ ಮೀರಿ ಜನ ಸೇರಿದರು. ಆ ಕಾಲಕ್ಕೆ ಜಗತ್ತಿನ ದೊಡ್ಡ ನಗರಗಳಲ್ಲಿ ಅದೂ ಒಂದು.

ಮೊದಲು ಮೇಲ್ಮೈಯ ಒಳ್ಳೆ ಅದಿರು ಸಿಗುತ್ತಿತ್ತು. ಅದು ಮುಗಿಯುತ್ತಾ ಬಂದಾಗ ಪಾದರಸ ಬೆರೆಸಿ ಬೆಳ್ಳಿ ತೆಗೆಯುವ ವಿಧಾನ ತಂದರು. ಅದಿರನ್ನು ಪುಡಿ ಮಾಡಲು ನೀರಿನ ಗಿರಣಿ ಬೇಕು. ನೀರಿಗಾಗಿ ಬೆಟ್ಟದ ಮೇಲೆ ಕೆರೆಗಳನ್ನು ಕಟ್ಟಿದರು. 1626ರಲ್ಲಿ ಅದರಲ್ಲೊಂದು ಕೆರೆ ಒಡೆದು ಊರಿನ ಮೇಲೆ ನುಗ್ಗಿ ಬಹಳ ಜನ ಸತ್ತರು. ಪಾದರಸ ಪೆರುವಿನ ವಾಂಕಾವೆಲಿಕಾ ಗಣಿಯಿಂದ ಬರುತ್ತಿತ್ತು. ಅಲ್ಲಿ ದುಡಿದವರು ಪಾದರಸದ ವಿಷ ಏರಿ ಮೈ ನಡುಗಿ ನಡುಗಿ ಸಾಯುತ್ತಿದ್ದರು.

ಇಷ್ಟೆಲ್ಲಾ ಕೆಲಸಕ್ಕೆ ಆಳು ಬೇಕಲ್ಲ? ವೈಸರಾಯ್ ಫ್ರಾನ್ಸಿಸ್ಕೊ ದೆ ತೊಲೆದೊ 1573ರ ಹೊತ್ತಿಗೆ ‘ಮಿತಾ’ ಅನ್ನುವ ಪದ್ಧತಿ ಜಾರಿ ಮಾಡಿದ. ಇಂಕಾ ರಾಜರ ಕಾಲದಲ್ಲೂ ಸರದಿ ಪ್ರಕಾರ ರಾಜ್ಯಕ್ಕೆ ದುಡಿಯುವ ಕ್ರಮ ಇತ್ತು. ಆದರೆ ಆಗ ದುಡಿಯಲು ಬಂದವರ ಊಟ, ಬಟ್ಟೆ ರಾಜ್ಯದ ಜವಾಬ್ದಾರಿ. ತೊಲೆದೊ ಆ ಹೆಸರನ್ನು ಇಟ್ಟುಕೊಂಡು ಒಳಗಿನ ತಿರುಳನ್ನು ಬದಲಾಯಿಸಿದ. 16 ಪ್ರಾಂತ್ಯಗಳಿಂದ ಏಳು ಗಂಡಸರಲ್ಲಿ ಒಬ್ಬ ವರ್ಷದ ಮಟ್ಟಿಗೆ ಪೊಟೊಸಿಗೆ ಬರಬೇಕು. ವರ್ಷಕ್ಕೆ ಹೆಚ್ಚುಕಡಿಮೆ 13,000 ಮಂದಿ. ಹೆಂಡತಿ, ಮಕ್ಕಳು, ಲಾಮಾಗಳನ್ನು ಕಟ್ಟಿಕೊಂಡು ತಿಂಗಳುಗಟ್ಟಲೆ ನಡೆದು ಬರುತ್ತಿದ್ದರು. ಕೂಲಿ ಅಂತ ಕೊಡುತ್ತಿದ್ದರು, ಅದರಲ್ಲಿ ಹೊಟ್ಟೆ ತುಂಬುತ್ತಿರಲಿಲ್ಲ. ಗಣಿಯೊಳಗೆ ಮೇಣದಬತ್ತಿ ಬೆಳಕಲ್ಲಿ ಚರ್ಮದ ಏಣಿ ಹಿಡಿದು ಅದಿರು ಹೊತ್ತು ಹತ್ತಬೇಕು. ಕೋಕಾ ಎಲೆ ಅಗಿಯುತ್ತಾ ಹಸಿವು ಮರೆಯುತ್ತಿದ್ದರು. ಮಿತಾ ತಪ್ಪಿಸಿಕೊಳ್ಳಲು ಎಷ್ಟೋ ಜನ ತಮ್ಮ ಊರನ್ನೇ ಬಿಟ್ಟು ಓಡಿಹೋದರು. ಓಡಿಹೋದವರ ಪಾಲಿನ ಸರದಿ ಉಳಿದವರ ತಲೆಗೆ ಬಿತ್ತು.

ಇದು ಕೊನೆಯಾದದ್ದು ಸ್ಪೇನಿನ ಕಾಡಿಸ್ ನಗರದಲ್ಲಿ ಸೇರಿದ ಸಂಸತ್ತಿನ 1812ರ ನಿರ್ಣಯದಿಂದ ಮತ್ತು 1825ರಲ್ಲಿ ಸ್ವಾತಂತ್ರ್ಯ ಹೋರಾಟದ ನಾಯಕ ಬೊಲಿವಾರ್ ಬಂದ ಮೇಲೆ. ಲೆಕ್ಕ ಹಾಕಿ, ಸುಮಾರು 250 ವರ್ಷ.

ಬೆಳ್ಳಿ ಎಲ್ಲಿಗೆ ಹೋಯಿತು? ಐದರಲ್ಲಿ ಒಂದು ಪಾಲು ರಾಜನಿಗೆ. ಆದರೆ ಸ್ಪೇನಿನಲ್ಲಿ ಅದು ನಿಲ್ಲಲಿಲ್ಲ. ನೆದರ್‌ಲೆಂಡ್ಸಿನ ಯುದ್ಧಕ್ಕೆ, ಜಿನೊವಾದಲ್ಲಿ ಸಾಲ ಕೊಟ್ಟವರಿಗೆ ಸೋರಿಹೋಯಿತು. ಇಷ್ಟು ಬೆಳ್ಳಿ ಬಂದರೂ ಎರಡನೇ ಫಿಲಿಪ್ 1557, 1575, 1596ರಲ್ಲಿ ಸಾಲ ತೀರಿಸಲಾಗದೆ ಕೈ ಎತ್ತಿದ. ಬೆಳ್ಳಿಯ ದೊಡ್ಡ ಪಾಲು ಕೊನೆಗೆ ಏಷ್ಯಾಕ್ಕೆ ಬಂತು. ಚೀನಾದಲ್ಲಿ ಮಿಂಗ್ ಸರ್ಕಾರ ತೆರಿಗೆಯನ್ನು ಬೆಳ್ಳಿಯಲ್ಲೇ ವಸೂಲಿ ಮಾಡುತ್ತಿತ್ತು. ಸೂರತ್ ಬಂದರಿಗೆ ಬಂದ ರಿಯಾಲ್‌ಗಳನ್ನು ಕರಗಿಸಿ ಮೊಘಲರು ರೂಪಾಯಿ ಅಚ್ಚು ಹಾಕಿದರು. ಹಳೆ ಮೊಘಲ್ ರೂಪಾಯಿ ಕೈಗೆ ಸಿಕ್ಕಾಗಲೆಲ್ಲ ನನಗೆ ಪೊಟೊಸಿಯ ಆ ಜನ ನೆನಪಾಗುತ್ತಾರೆ.

ನಿಷ್ಠುರವಾದಿ:
ಎಲ್ಲರೂ ಒಂದೇ ಕಡೆ ವಾಲುತ್ತಿದ್ದೀರಿ ಅನ್ನಿಸುತ್ತದೆ. ಸ್ಪೇನ್ ಬರೀ ದೋಚಿತು ಅನ್ನುವುದು ಪೂರ್ತಿ ಸತ್ಯ ಅಲ್ಲ. 1551ರಲ್ಲೇ ಲಿಮಾದಲ್ಲಿ, ಮೆಕ್ಸಿಕೊದಲ್ಲಿ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಮನಿಲಾದ ಸಾಂತೊ ತೊಮಾಸ್ 1611ರದ್ದು. ಬ್ರಿಟಿಷರು ನಮ್ಮಲ್ಲಿ ವಿಶ್ವವಿದ್ಯಾಲಯ ತೆರೆದದ್ದು 1857ರಲ್ಲಿ. ಇನ್ನೊಂದು ನೋಡಿ. ತಾನು ಗೆದ್ದ ಜನರ ಮೇಲೆ ತನಗೆ ಏನು ಹಕ್ಕಿದೆ ಅಂತ ತನ್ನ ಪಂಡಿತರನ್ನೇ ಕೂರಿಸಿ ಚರ್ಚೆ ಮಾಡಿಸಿದ ಸಾಮ್ರಾಜ್ಯ ಬೇರೆ ಯಾವುದಿದೆ? 1550ರಲ್ಲಿ ವಯ್ಯಾದೊಲಿದ್ ನಗರದಲ್ಲಿ ಮೂಲನಿವಾಸಿಗಳ ಪರವಾಗಿ ಪಾದ್ರಿ ಲಾಸ್ ಕಾಸಾಸ್, ಆಕ್ರಮಣದ ಪರವಾಗಿ ಪಂಡಿತ ಸೆಪುಲ್ವೆದಾ ಇದೇ ವಿಷಯಕ್ಕೆ ವಾದ ಮಾಡಿದರು. 1542ರ ಹೊಸ ಕಾನೂನು ಮೂಲನಿವಾಸಿಗಳನ್ನು ಗುಲಾಮರಾಗಿ ಮಾಡಿಕೊಳ್ಳುವುದನ್ನು ನಿಷೇಧಿಸಿತು. 1803ರಲ್ಲಿ ಬಾಲ್ಮಿಸ್ ಎಂಬ ವೈದ್ಯ ಸಿಡುಬಿನ ಲಸಿಕೆ ಹೊತ್ತು ಸ್ಪೇನಿನಿಂದ ಹೊರಟ. 22 ಅನಾಥ ಹುಡುಗರ ತೋಳಿನಿಂದ ತೋಳಿಗೆ ಲಸಿಕೆ ದಾಟಿಸುತ್ತಾ ಅಮೆರಿಕಕ್ಕೆ ತಂದ. ಮೆಕ್ಸಿಕೊದಿಂದ ಮತ್ತೆ 26 ಹುಡುಗರನ್ನು ಕರೆದುಕೊಂಡು 1805ರಲ್ಲಿ ಮನಿಲಾ ತಲುಪಿಸಿದ. ಖರ್ಚು ಹಾಕಿದ್ದು ಸ್ಪೇನಿನ ರಾಜ. ಇದನ್ನೂ ಹೇಳಬೇಕು.

ತುಂಗಾತೀರ:
ಹೇಳಲೇಬೇಕು. ಲಸಿಕೆಯ ಪ್ರಯಾಣ ನಿಜಕ್ಕೂ ದೊಡ್ಡ ಕೆಲಸ. ಲಾಸ್ ಕಾಸಾಸ್ ಬಗ್ಗೆ ನನಗೂ ಗೌರವ ಇದೆ. ಅವರು ಸ್ವತಃ ಮೂಲನಿವಾಸಿಗಳ ದುಡಿಮೆ ಮೇಲೆ ಬದುಕಿದ್ದವರು. 1511ರಲ್ಲಿ ಹಿಸ್ಪಾನಿಯೋಲಾ ದ್ವೀಪದ ಚರ್ಚಿನಲ್ಲಿ ಮೊಂತೆಸಿನೊಸ್ ಎಂಬ ಪಾದ್ರಿ, ಈ ಜನರೂ ಮನುಷ್ಯರಲ್ಲವಾ ಅಂತ ಸ್ಪೇನಿನ ಯಜಮಾನರ ಮುಖಕ್ಕೇ ಕೇಳಿದ್ದರು. ಮೂರು ವರ್ಷದ ಮೇಲೆ ಲಾಸ್ ಕಾಸಾಸ್ ತಮ್ಮ ಪಾಲಿನ ಆಳುಗಳನ್ನು ಬಿಟ್ಟುಕೊಟ್ಟರು.

ಆದರೆ ಆ ಹೊಸ ಕಾನೂನಿನ ಗತಿ ಏನಾಯಿತು ನೋಡಿ. ‘ಎನ್ಕೊಮಿಯೆಂದಾ’ ಅಂದರೆ ಒಂದಷ್ಟು ಹಳ್ಳಿಗಳ ಜನರ ಕಪ್ಪ ಮತ್ತು ದುಡಿಮೆಯನ್ನು ಒಬ್ಬ ಸ್ಪೇನಿನವನಿಗೆ ವಹಿಸಿಕೊಡುವುದು. ಪ್ರತಿಯಾಗಿ ಅವನು ಅವರಿಗೆ ರಕ್ಷಣೆ ಕೊಡಬೇಕು, ಧರ್ಮ ಕಲಿಸಬೇಕು. ತಂದೆಯ ನಂತರ ಅದು ಮಗನಿಗೆ ಹೋಗಬಾರದು ಅಂತ 1542ರ ಕಾನೂನು ಹೇಳಿತು. ಪೆರುವಿನ ಯಜಮಾನರು, ಪೆರುವನ್ನು ಗೆದ್ದ ಪಿಸಾರೊ ಸಹೋದರರಲ್ಲಿ ಒಬ್ಬನಾದ ಗೊನ್ಸಾಲೊ ಪಿಸಾರೊನ ಹಿಂದೆ ಸೇರಿ ದಂಗೆ ಎದ್ದರು. ಕಾನೂನು ಜಾರಿ ಮಾಡಲು ಬಂದ ವೈಸರಾಯ್‌ನನ್ನೇ 1546ರಲ್ಲಿ ಕೊಂದರು. ಅದಕ್ಕೆ ಮೊದಲೇ, 1545ರಲ್ಲಿ, ರಾಜ ಆ ನಿಯಮವನ್ನು ವಾಪಸ್ ತೆಗೆದುಕೊಂಡಿದ್ದ. ರಾಜನ ಆದೇಶ ಬಂದಾಗ ‘ತಲೆಬಾಗುತ್ತೇನೆ, ಆದರೆ ಜಾರಿ ಮಾಡುವುದಿಲ್ಲ’ ಅಂತ ಹೇಳುವ ಪದ್ಧತಿಯೇ ಅಧಿಕಾರಿಗಳಲ್ಲಿ ಇತ್ತು. ಕಾನೂನು ಒಳ್ಳೆಯದಿತ್ತು ಅನ್ನುವುದನ್ನು ಒಪ್ಪುತ್ತೇನೆ. ಹಳ್ಳಿಯವನಿಗೆ ಅದು ತಲುಪಿತಾ ಅನ್ನುವುದೇ ನನಗೆ ಮುಖ್ಯ.

ಇನ್ನು ಗುಲಾಮಗಿರಿ. ಮೂಲನಿವಾಸಿಗಳನ್ನು ಗುಲಾಮರಾಗಿಸಬಾರದು ಅಂದವರು ಆಫ್ರಿಕಾದವರ ವಿಷಯಕ್ಕೆ ಸುಮ್ಮನಿದ್ದರು. ಕ್ಯೂಬಾದ ಕಬ್ಬಿನ ತೋಟಗಳಲ್ಲಿ ಗುಲಾಮಗಿರಿ ನಿಂತದ್ದು 1886ರಲ್ಲಿ. ಅದೂ ಸ್ಪೇನಿನ ಆಳ್ವಿಕೆಯೇ.

ಕಡಲಾಚೆ_ಕನ್ನಡತಿ:
ನಿಷ್ಠುರವಾದಿಗಳೇ, ಆಳ್ವಿಕೆ ಹೇಗಿತ್ತು ಅಂತ ತಿಳಿಯಲು ಜನ ಯಾವಾಗ ಎದ್ದು ನಿಂತರು ಅಂತ ನೋಡಿ. ಗ್ಯಾಲಿಯನ್ ಕಟ್ಟಲು ಮರ ಬೇಕು. ಫಿಲಿಪ್ಪೀನ್ಸಿನ ಗಂಡಸರು ವರ್ಷಕ್ಕೆ 40 ದಿನ ಬಿಟ್ಟಿ ದುಡಿಯಬೇಕಿತ್ತು. ಕಾಡಿನಿಂದ ಮರ ಕಡಿದು ಎಳೆದು ತರುವುದು ಅದರಲ್ಲಿ ಅತಿ ಕಷ್ಟದ ಕೆಲಸ. 1649ರಲ್ಲಿ ಸಾಮರ್ ದ್ವೀಪದವರನ್ನು ದೂರದ ಕವೀತೆ ಹಡಗುಕಟ್ಟೆಗೆ ಕಳಿಸಿ ಅಂತ ಆದೇಶ ಬಂತು. ಸುಮುರೊಯ್ ಎಂಬವನ ನೇತೃತ್ವದಲ್ಲಿ ಇಡೀ ದ್ವೀಪ ತಿರುಗಿಬಿತ್ತು. ಪಕ್ಕದ ದ್ವೀಪಗಳಿಗೂ ಹಬ್ಬಿತು. ಮುಂದಿನ ವರ್ಷದವರೆಗೂ ಅದನ್ನು ಹತ್ತಿಕ್ಕಲು ಆಗಲಿಲ್ಲ.

ಮಿಂದನಾವೊ, ಸುಲು ಕಡೆಯ ಮುಸ್ಲಿಂ ಸುಲ್ತಾನರಂತೂ ಮೂರು ಶತಮಾನ ಕಾದಾಡಿದರು, ಪೂರ್ತಿ ಬಗ್ಗಲಿಲ್ಲ. ವಿಚಿತ್ರ ಅಂದರೆ ಸ್ಪ್ಯಾನಿಷ್ ಬೆರೆತ ಜನಭಾಷೆ ಇವತ್ತಿಗೂ ಹೆಚ್ಚು ಕೇಳಿಸುವುದು ಅದೇ ಮಿಂದನಾವೊದ ಸಾಂಬೊಆಂಗಾದಲ್ಲಿ. ಅಲ್ಲಿ ಕೋಟೆ ಇತ್ತು. ಬೇರೆ ಬೇರೆ ದ್ವೀಪಗಳ ಸಿಪಾಯಿಗಳು, ಕೆಲಸಗಾರರು, ಸ್ಪೇನಿನವರು ಒಟ್ಟಿಗೇ ಇದ್ದರು. ಅವರ ನಡುವೆ ಚವಕಾನೊ ಎಂಬ ಮಾತು ಹುಟ್ಟಿತು. ಸಹ್ಯಾದ್ರಿ ಅವರ ಮೂಲ ಪ್ರಶ್ನೆಗೆ ಇದೂ ಒಂದು ಉತ್ತರ. ಜನ ಬೆರೆತ ಕಡೆ ಮಾತು ಹುಟ್ಟಿತು.

ಬಸರೂರಿನವ:
ನನಗೊಂದು ಸಂಶಯ. 1580ರಿಂದ 1640ರವರೆಗೆ ಪೋರ್ಚುಗಲ್ಲಿಗೂ ಸ್ಪೇನಿಗೂ ಒಬ್ಬನೇ ರಾಜ ಅಲ್ವಾ? ಹಾಗಾದರೆ ನಮ್ಮ ಬಸರೂರು, ಮಂಗಳೂರು, ಹೊನ್ನಾವರದ ಪೋರ್ಚುಗೀಸ್ ಕೋಟೆಗಳು ಆ ಅರವತ್ತು ವರ್ಷ ಸ್ಪೇನಿಗೆ ಸೇರಿದ್ದವು ಅಂತ ಹೇಳಬಹುದಾ?

ನಾಣ್ಯಪ್ರಿಯ:
ರಾಜ ಒಬ್ಬನೇ, ಆಡಳಿತ ಬೇರೆ. ಪಟ್ಟ ಏರುವಾಗ ಫಿಲಿಪ್ 1581ರಲ್ಲಿ ತೊಮಾರ್ ಊರಿನಲ್ಲಿ ಮಾತು ಕೊಟ್ಟಿದ್ದ. ಪೋರ್ಚುಗಲ್ಲಿನ ಹುದ್ದೆಗಳು, ವಸಾಹತುಗಳು ಪೋರ್ಚುಗೀಸರ ಕೈಯಲ್ಲೇ ಇರುತ್ತವೆ ಅಂತ. ಗೋವಾದ ವೈಸರಾಯ್ ಲಿಸ್ಬನ್ನಿಗೆ ಉತ್ತರ ಕೊಡುತ್ತಿದ್ದ, ನಮ್ಮ ಕರಾವಳಿಯ ಕೋಟೆಗಳು ಗೋವಾಕ್ಕೆ. ಹಾಗಾಗಿ ಸ್ಪೇನಿನ ವಸಾಹತು ಅನ್ನುವುದು ಸರಿಯಾಗುವುದಿಲ್ಲ. ಆದರೆ ಪೆಟ್ಟು ಬಿದ್ದದ್ದು ನಿಜ. ಸ್ಪೇನಿನ ಶತ್ರುಗಳಾಗಿದ್ದ ಡಚ್ಚರು ಆ ನೆಪದಲ್ಲಿ ಪೋರ್ಚುಗೀಸರ ಬಂದರುಗಳ ಮೇಲೂ ಬಿದ್ದರು. ಪೋರ್ಚುಗೀಸರ ಬಲ ಕುಂದಿತು. 1650ರ ದಶಕದಲ್ಲಿ ಕೆಳದಿಯ ಶಿವಪ್ಪನಾಯಕ ಆ ಮೂರೂ ಕಡೆಯಿಂದ ಅವರನ್ನು ಓಡಿಸಿದ.

ಕಡಲಾಚೆ_ಕನ್ನಡತಿ:
ನಮ್ಮ ದೇಶದ ನಂಟು ಬೇಕಾದರೆ ಎರಡು ಇವೆ. ಹದಿನೇಳನೇ ಶತಮಾನದ ಶುರುವಿನಲ್ಲಿ ಭಾರತದ ಒಬ್ಬ ಹುಡುಗಿಯನ್ನು ಪೋರ್ಚುಗೀಸ್ ಕಡಲ್ಗಳ್ಳರು ಹಿಡಿದು ಮನಿಲಾದಲ್ಲಿ ಮಾರಿದರು. ಗ್ಯಾಲಿಯನ್ನಿನಲ್ಲಿ ಅವಳನ್ನು ಮೆಕ್ಸಿಕೊದ ಪುಯೆಬ್ಲಾ ನಗರಕ್ಕೆ ಒಯ್ದರು. ಅಲ್ಲಿ ಅವಳು ಕಾತರಿನಾ ದೆ ಸಾನ್ ಹುವಾನ್ ಎಂಬ ಹೆಸರಿನಲ್ಲಿ ಬದುಕಿದಳು. ಜನ ಅವಳನ್ನು ಸಂತಳ ಹಾಗೆ ಕಂಡರು. 1688ರಲ್ಲಿ ತೀರಿಕೊಂಡಳು. ಆಗ ಏಷ್ಯಾದಿಂದ ಬಂದ ಎಲ್ಲರನ್ನೂ ಅಲ್ಲಿ ಚೀನಾದವರು ಅಂತಲೇ ಕರೆಯುತ್ತಿದ್ದರು. ಆ ಗುಲಾಮರನ್ನು ಬಿಡುಗಡೆ ಮಾಡುವ ಆದೇಶ ಬಂದದ್ದು 1672ರಲ್ಲಿ.

ಎರಡನೆಯದು 1762. ಬ್ರಿಟಿಷರು ಮದ್ರಾಸಿನಿಂದ ಹಡಗು ಹೊರಡಿಸಿ ಮನಿಲಾ ಹಿಡಿದರು. ಜೊತೆಗೆ ನಮ್ಮ ಸಿಪಾಯಿಗಳೂ ಹೋಗಿದ್ದರು. 1764ರಲ್ಲಿ ಬ್ರಿಟಿಷರು ವಾಪಸಾದರು. ಸಿಪಾಯಿಗಳಲ್ಲಿ ಅನೇಕರು ಬರಲಿಲ್ಲ. ಮನಿಲಾ ಪಕ್ಕದ ಕೈಂತಾ ಊರಿನಲ್ಲಿ ಮದುವೆಯಾಗಿ ನೆಲೆಸಿದರು. ಅವರ ವಂಶದವರು ಈಗಲೂ ಅಲ್ಲಿದ್ದಾರೆ.

ಸಂಚಾರ ಒಂದೇ ದಿಕ್ಕಿನದೂ ಅಲ್ಲ. ಗ್ಯಾಲಿಯನ್ ನಾವಿಕರಾಗಿ ಹೋದ ಫಿಲಿಪ್ಪೀನ್ಸಿನವರು ಮೆಕ್ಸಿಕೊದ ಕೊಲಿಮಾ ಕರಾವಳಿಗೆ ತೆಂಗಿನ ಕಳ್ಳು ಇಳಿಸುವುದನ್ನು ಕಲಿಸಿದರು. ಇವತ್ತಿಗೂ ಅಲ್ಲಿ ಬೀದಿಯಲ್ಲಿ ‘ತೂಬಾ’ ಅಂತ ಮಾರುತ್ತಾರೆ. ಫಿಲಿಪ್ಪೀನ್ಸಿನಲ್ಲೂ ಅದಕ್ಕೆ ಅದೇ ಹೆಸರು.

ಸಹ್ಯಾದ್ರಿ_ಓದುಗ:
ಎಷ್ಟೊಂದು ಹೊಸ ವಿಷಯ! ಪೆರುವಿನ ಬಗ್ಗೆ ಒಂದು ಕೇಳಬೇಕು. ಅಷ್ಟು ಹಿಂಸೆ ಇದ್ದರೂ ಕೆಚುವಾ ಭಾಷೆ ಅಲ್ಲಿ ಹೇಗೆ ಉಳಿಯಿತು?

ತುಂಗಾತೀರ:
ಬೆಟ್ಟದ ಮೇಲೆ ಜನ ಗುಂಪಾಗಿ ಉಳಿದರು, ಅದೇ ಮುಖ್ಯ ಕಾರಣ. ಆದರೆ ಸುಲಭಕ್ಕೆ ಉಳಿಯಲಿಲ್ಲ. 1780ರ ನವೆಂಬರಿನಲ್ಲಿ ಕುಸ್ಕೊ ಹತ್ತಿರ ಹೋಸೆ ಗಾಬ್ರಿಯೆಲ್ ಕೊಂದೊರ್ಕಾಂಕಿ ಎಂಬ ಮೂಲನಿವಾಸಿ ನಾಯಕ ದಂಗೆ ಎದ್ದ. ತನ್ನನ್ನು ಎರಡನೇ ತುಪಾಕ್ ಅಮರು ಅಂತ ಕರೆದುಕೊಂಡ. ಮೊದಲನೇ ತುಪಾಕ್ ಅಮರು ಕೊನೆಯ ಇಂಕಾ. ಅವನ ತಲೆಯನ್ನು 1572ರಲ್ಲಿ ತೊಲೆದೊ ಕಡಿಸಿದ್ದ. ಮಿತಾ ಒಂದು ಕಡೆ. ಇನ್ನೊಂದು ಕಡೆ ಅಧಿಕಾರಿಗಳು ಬೇಡದ ಸಾಮಾನನ್ನು ದುಪ್ಪಟ್ಟು ಬೆಲೆಗೆ ಹಳ್ಳಿಯವರಿಗೆ ಒತ್ತಾಯದಿಂದ ಮಾರುತ್ತಿದ್ದರು. ಜನ ರೋಸಿಹೋಗಿದ್ದರು. 1781ರ ಮೇ 18ರಂದು ಕುಸ್ಕೊ ಚೌಕದಲ್ಲಿ ಅವನ ಕಣ್ಣೆದುರೇ ಹೆಂಡತಿ ಮಿಕಾಯೆಲಾ ಬಸ್ತಿದಾಸ್‌ಳನ್ನು ಕೊಂದು, ಆಮೇಲೆ ಅವನನ್ನೂ ಕೊಂದರು. ಮಿಕಾಯೆಲಾ ಸೈನ್ಯಕ್ಕೆ ದವಸ, ಆಯುಧ, ಸುದ್ದಿ ಎಲ್ಲವನ್ನೂ ಒದಗಿಸಿದ ಹೆಂಗಸು. ಇವಳ ಬಗ್ಗೆ ಬೇರೆ ಚರ್ಚೆಯನ್ನೇ ಶುರು ಮಾಡಬೇಕು.

ಅದಾದ ಮೇಲೆ ಇಂಕಾ ಉಡುಗೆ, ಇಂಕಾ ರಾಜರ ಚಿತ್ರಗಳು, ನಾಟಕಗಳಿಗೆ ನಿಷೇಧ ಬಂತು. ಕೆಚುವಾ ಮೇಲೂ ಕಣ್ಣು ಬಿತ್ತು. ಸ್ವತಂತ್ರ ಪೆರು ಅದನ್ನು ಅಧಿಕೃತ ಭಾಷೆ ಮಾಡಿದ್ದು 1975ರಲ್ಲಿ. ಸ್ವಾತಂತ್ರ್ಯ ಬಂದು 150 ವರ್ಷ ಆಗಿತ್ತು.

ಕಾಫಿತೋಟ:
ಆಫ್ರಿಕಾದಲ್ಲಿ ಸ್ಪೇನಿಗೆ ಏನೂ ಇರಲಿಲ್ಲವಾ?

ನಾಣ್ಯಪ್ರಿಯ:
ಇತ್ತು. ಈಕ್ವೆಟೋರಿಯಲ್ ಗಿನಿ 1968ರ ಅಕ್ಟೋಬರ್ 12ರಂದು ಸ್ವತಂತ್ರವಾಯಿತು. ಕೊಲಂಬಸ್ ಅಮೆರಿಕ ಮುಟ್ಟಿದ ತಾರೀಕೂ ಅದೇ. ಅಲ್ಲಿ ಈಗಲೂ ಸ್ಪ್ಯಾನಿಷ್ ಅಧಿಕೃತ ಭಾಷೆ, ಶಾಲೆಯ ಭಾಷೆ.

ಮುಗಿಯದೇ ಉಳಿದದ್ದು ಪಶ್ಚಿಮ ಸಹಾರಾ. 1975ರ ನವೆಂಬರಿನಲ್ಲಿ ಸ್ಪೇನಿನ ಸರ್ವಾಧಿಕಾರಿ ಫ್ರಾಂಕೊ ಸಾವಿನ ಹಾಸಿಗೆಯಲ್ಲಿದ್ದ. ಮೊರೊಕ್ಕೊ ಲಕ್ಷಾಂತರ ಜನರನ್ನು ಗಡಿ ದಾಟಿಸಿ ಮೆರವಣಿಗೆ ಮಾಡಿಸಿತು. ಸ್ಪೇನ್ ಮ್ಯಾಡ್ರಿಡ್‌ನಲ್ಲಿ ಒಪ್ಪಂದ ಮಾಡಿ ಆಡಳಿತವನ್ನು ಮೊರೊಕ್ಕೊ ಮತ್ತು ಮಾರಿಟಾನಿಯಾಗೆ ಬಿಟ್ಟು ಹೊರಟುಹೋಯಿತು. ಅಲ್ಲಿನ ಸಹ್ರಾವಿ ಜನರನ್ನು ಯಾರೂ ಕೇಳಲಿಲ್ಲ. ಸಹ್ರಾವಿಗಳ ಸ್ವಾತಂತ್ರ್ಯ ಸಂಘಟನೆ ಪೊಲಿಸಾರಿಯೊ 1976ರ ಫೆಬ್ರವರಿ 27ರಂದು ತಮ್ಮದೇ ಗಣರಾಜ್ಯ ಘೋಷಿಸಿತು. ಭಾರತ 1985ರಲ್ಲಿ ಅದಕ್ಕೆ ಮಾನ್ಯತೆ ಕೊಟ್ಟು 2000ದಲ್ಲಿ ವಾಪಸ್ ತೆಗೆದುಕೊಂಡಿತು. ಯುದ್ಧ ನಿಲ್ಲಿಸಿ ಜನಮತಗಣನೆ ಮಾಡಿಸುತ್ತೇವೆ ಅಂತ ವಿಶ್ವಸಂಸ್ಥೆ 1991ರಲ್ಲಿ ತನ್ನವರನ್ನು ಕಳಿಸಿತು. ಆ ಮತದಾನ ನಡೆದೇ ಇಲ್ಲ. ಸ್ವಾಧಿಕಾರ ಇಲ್ಲದ ಪ್ರದೇಶಗಳ ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಆ ನೆಲದ ಹೆಸರು ಇನ್ನೂ ಇದೆ. ಅಲ್ಜೀರಿಯಾದ ತಿಂದೂಫ್ ಹತ್ತಿರದ ಶಿಬಿರಗಳಲ್ಲಿ ಮೂರನೇ ತಲೆಮಾರಿನ ಮಕ್ಕಳು ಹುಟ್ಟಿ ಬೆಳೆಯುತ್ತಿದ್ದಾರೆ. ಆ ಮಕ್ಕಳು ಶಾಲೆಯಲ್ಲಿ ಅರೇಬಿಕ್ ಜೊತೆ ಸ್ಪ್ಯಾನಿಷನ್ನೂ ಕಲಿಯುತ್ತಾರೆ.